ಜೇಬಿಲ್ಲದ ಬಟ್ಟೆ

ಒಂದೂರಲ್ಲಿ ಒಂದು ಗೋಡೆ ಇತ್ತಂತೆ, ಆ ಗೋಡೆಗೊಂದು ಬಾಯಿ ಇತ್ತಂತೆ. ಬೆಳಗಾದರೆ ಸಾಕು, ಆ ಬಾಯಿ ಯಾವುದೋ ಮನೆಯ ಮಾತೆತ್ತಿ ಇಲ್ಲಸಲ್ಲದ್ದನ್ನೆಲ್ಲ ಹೇಳುತ್ತಿತ್ತಂತೆ. ಮಳೆ ಬರದಿದ್ದರೆ ಅವರೇ ಕಾರಣ, ಮಳೆ ಹೆಚ್ಚಾದರೂ ಅವರೇ ಕಾರಣ. ಅದೇ ಬೀದಿಯ ಕೊನೆಯಲ್ಲಿದ್ದ ಒಬ್ಬ ಹೆಂಗಸು ನೀರಿಗೆ ಹೋಗುವ ನೆಪ ಮಾಡಿಕೊಂಡು ದಿನಾ ಆ ಗೋಡೆಯ ಮುಂದೆ ಕೊಡ ಇಳಿಸಿ, ತನ್ನ ಹೆಸರು ಬರುತ್ತದೋ ಏನೋ ಎಂದು ಕಿವಿಗೊಟ್ಟು ಕೇಳಿ ಬರುತ್ತಿದ್ದಳಂತೆ. ಬಂತಾ ಅಜ್ಜಿ, ಅವಳ ಹೆಸರು ಬಂತಾ ಎಂದು ಪುಟ್ಟ ಎಲ್ಕಾ ಹಾಸಿಗೆಯಲ್ಲಿ ಎದ್ದು ಕೂತು ಕೇಳಿದರೆ ಅಜ್ಜಿ ಕನ್ನಡಕವನ್ನು ಹಣೆಗೇರಿಸಿ, "ಬಂದಿದ್ರೆ ಒಂದೇ ದಿನಕ್ಕೆ ಮುಗೀತಿತ್ತಲ್ಲೇ. ಬರ್ಲಿಲ್ಲ. ಅದಕ್ಕೇ ಮಾರನೇ ದಿನಾನೂ ಹೋದ್ಲು" ಎನ್ನುತ್ತಿದ್ದಳು. ಹಾಗೆಂದವಳೇ ದೀಪ ಆರಿಸಿಬಿಡುತ್ತಿದ್ದಳು. ಕತ್ತಲಲ್ಲಿ ಎಲ್ಕಾಗೆ ಆ ಹೆಂಗಸಿನ ಖಾಲಿ ಕೊಡದ ಮೇಲೇ ಸಿಟ್ಟು ಬರುತ್ತಿತ್ತು.

ಅಂಗಡಿಯ ಬಾಗಿಲಿಗೆ ನೇತುಹಾಕಿದ್ದ 'ಮುಚ್ಚಿದೆ' ಎಂಬ ಹಲಗೆಯನ್ನು ಇನ್ನೂ ತಿರುಗಿಸಿರಲಿಲ್ಲ. ಎಲ್ಕಾ ರುಡ್‌ನಿಕ್ ಕೋಟು ಕೂಡ ತೆಗೆಯದೆ, ಬೂಟಿಗೆ ಅಂಟಿದ್ದ ಮಾರ್ಚ್ ತಿಂಗಳ ಕೊಳಕು ಹಿಮ ಕರಗಿ ನೆಲಹಾಸಿನ ಮೇಲೆ ಹರಡುತ್ತಿದ್ದುದನ್ನೂ ಗಮನಿಸದೆ, ಸಾಲುಸಾಲು ಕನ್ನಡಕಗಳಿಗೆ ಬೆನ್ನು ಮಾಡಿ ನಿಂತು ಫೋನಿನಲ್ಲಿ 'ಕೊನೆಯ ಕಂದೀಲು' ಓದುತ್ತಿದ್ದಳು. ಆ ಜಾಲತಾಣದ ನೆತ್ತಿಯ ಮೇಲೆ ಮಸಿ ಹಿಡಿದ ಕಂದೀಲಿನ ಚಿತ್ರ. ಕೆಳಗೆ ಆ ದಿನದ ಬರಹಗಳು. ಬ್ಯಾಂಕು ಮುಳುಗಿದ್ದರ ಹಿಂದೆ ಯಾರಿದ್ದಾರೆ, ಶಾಲೆಯ ಪುಸ್ತಕ ಬದಲಾದದ್ದರ ಹಿಂದೆ ಯಾರು, ಪೆನ್ಸಿಲ್ವೇನಿಯಾದ ನದಿ ದಂಡೆಯ ಉಕ್ಕಿನ ಕಾರ್ಖಾನೆಗಳಿಗೆ ಒಂದೊಂದಾಗಿ ಬೀಗ ಹಾಕಿಸಿದವರು ಯಾರು. ಎಲ್ಲಕ್ಕೂ ಉತ್ತರ ಒಂದೇ: ಯಹೂದಿಗಳು, ಎಂದರೆ ಎಲ್ಕಾಳ ಜನ. ಉತ್ತರ ಮೊದಲೇ ಕೈಯಲ್ಲಿದ್ದರೆ ಪ್ರಶ್ನೆ ಹುಡುಕಿಕೊಳ್ಳುವುದು ಎಷ್ಟು ಸಲೀಸು ಎಂದು ಅವಳಿಗೆ ದಿನಾ ಅನ್ನಿಸುತ್ತಿತ್ತು, ದಿನಾ ಓದುತ್ತಲೂ ಇದ್ದಳು. ಅವಳೂರು ಟ್ಯಾರಿಸ್‌ಬರ್ಗಿನ ಕಾರ್ಖಾನೆಗೆ ಬೀಗ ಬಿದ್ದ ವರ್ಷವೇ ಅದರ ಗೇಟಿನ ಎದುರು ಬೂಟು ಮಾರುತ್ತಿದ್ದ, ಅವಳು ಆಂಟಿ ಎಂದು ಕರೆಯುವ ಫ್ರೂಮಾ ಅಡೆಲ್ಸ್ಕಿಯ ಗಂಡನೂ ಅಂಗಡಿಗೆ ಬೀಗ ಹಾಕಿ ಬಂದು ಅಡುಗೆಮನೆಯ ಕುರ್ಚಿಯಲ್ಲಿ ಕೂತವನು ಮತ್ತೆ ಸರಿಯಾಗಿ ಏಳಲೇ ಇಲ್ಲ. ಅದನ್ನು ಯಾವ ಕಂದೀಲೂ ಬರೆಯುವುದಿಲ್ಲ. ಎಲ್ಕಾ ಹೆಬ್ಬೆರಳಿನಿಂದ ಪುಟವನ್ನು ಕೆಳಕೆಳಕ್ಕೆ ತಳ್ಳಿದಳು. ಟ್ಯಾರಿಸ್‌ಬರ್ಗಿನ ಹೆಸರು ಇವತ್ತು ಬಂದಿರಲಿಲ್ಲ. ಹಾಯೆನಿಸಬೇಕಿತ್ತು. ಅದರ ಬದಲು, ಹಬ್ಬಕ್ಕೆ ಕರೆಯದೆ ಬಿಟ್ಟವರ ಮನಸ್ಸಿನಲ್ಲಾಗುವಂಥ ಒಂದು ಸಣ್ಣ ಪೆಚ್ಚು ಎದೆಯಲ್ಲಿ ಮಿಸುಕಿದಂತಾಗಿ, ಯಾರಾದರೂ ಕಂಡರೋ ಎಂಬಂತೆ ಅವಳು ಬೀದಿಯ ಕಡೆ ನೋಡಿದಳು.

ಕನ್ನಡಕದ ಅಂಗಡಿಯ ಕೆಲಸವೆಂದರೆ ಜನರ ಮುಖಕ್ಕೆ ಇಷ್ಟು ಹತ್ತಿರ ಹೋಗಬೇಕಾದ ಕೆಲಸವೆಂದು ಸೇರುವಾಗ ಅವಳಿಗೆ ಗೊತ್ತಿರಲಿಲ್ಲ. ಎರಡು ಕಣ್ಣಾಲಿಗಳ ನಡುವಿನ ಅಂತರ ಅಳೆಯಲು ಪುಟ್ಟ ಅಳತೆಪಟ್ಟಿಯನ್ನು ಮೂಗಿನ ಮೇಲಿಟ್ಟು, ನನ್ನ ಎಡಗಣ್ಣು ನೋಡಿ, ಈಗ ಬಲಗಣ್ಣು ನೋಡಿ ಎನ್ನಬೇಕು. ಕಾಫಿಯ ಉಸಿರು, ಪೆಪ್ಪರ್ಮಿಂಟಿನ ಉಸಿರು, ಹಲ್ಲು ಹುಳುಕಾದ ಉಸಿರು. ಕಿವಿಯ ಹಿಂದಿನ ಮೃದು ಚರ್ಮವನ್ನು ಬೆರಳಲ್ಲಿ ಸವರಿ ಕಡ್ಡಿ ಎಲ್ಲಿ ಒತ್ತುತ್ತಿದೆಯೆಂದು ನೋಡಬೇಕು. ಊರಿನವರೆಲ್ಲ ಹೀಗೆ ಒಬ್ಬೊಬ್ಬರಾಗಿ ಬಂದು ಅವಳ ಕಣ್ಣಲ್ಲಿ ಕಣ್ಣಿಟ್ಟು ಹೋಗಿದ್ದಾರೆ. ಅಂಚೆಯವನು, ಔಷಧಿ ಅಂಗಡಿಯ ಹೆಂಗಸು, ಗ್ರಂಥಾಲಯದಲ್ಲಿ ಮಕ್ಕಳಿಗೆ ಕಥೆ ಹೇಳುವವಳು. ಇತ್ತೀಚೆಗೆ ಆ ಗಳಿಗೆಯಲ್ಲಿ ಅವಳೊಳಗೆ ಒಂದೇ ಮಾತು ಏಳುತ್ತದೆ: ನೀನಾ? ಕಂದೀಲಿನಲ್ಲಿ 'ಹಳೇ ಕಮ್ಮಾರ' ಎಂಬ ಹೆಸರಿಟ್ಟುಕೊಂಡು ಬರೆಯುವವನು ನೀನಾ? ಕಣ್ಣಾಲಿ ಕಿರಿದಾದರೆ ಸಂಶಯ, ಹಿರಿದಾದರೂ ಸಂಶಯ. ಅಳತೆ ತಪ್ಪಿ ಹೋಗಿ ಎರಡು ಜೊತೆ ಗಾಜು ವಾಪಸ್ಸು ಬಂದಿದ್ದವು.

ಬಾಗಿಲು ತಟ್ಟಿದ ಸದ್ದಾಯಿತು. ವೆಂಡೆಲ್ ಸ್ಟ್ರೂಪ್, ಕಾರ್ಖಾನೆಯ ಕಾಲದ ದಪ್ಪ ಜಾಕೆಟ್ಟಿನಲ್ಲಿ, ಕೈಯಲ್ಲಿ ಕನ್ನಡಕ ಹಿಡಿದುಕೊಂಡು ಗಾಜಿನಾಚೆ ನಗುತ್ತಿದ್ದ. ವಾರಕ್ಕೊಮ್ಮೆಯಾದರೂ ಬರುವ ಗಿರಾಕಿ, ಹೊಸದನ್ನು ಮಾತ್ರ ಎಂದೂ ಕೊಳ್ಳುವುದಿಲ್ಲ.

"ಏನಮ್ಮಾ ಎಲ್ಕಾ, ಮತ್ತೆ ಜಾರ್ತಿದೆ ನೋಡು."

"ಮೊನ್ನೆ ತಾನೇ ಬಿಗಿ ಮಾಡಿಕೊಟ್ನಲ್ಲ, ಮಿಸ್ಟರ್ ಸ್ಟ್ರೂಪ್."

"ನಂದೇ ಏನೋ ಎಡವಟ್ಟು. ವಯಸ್ಸಾದ್ಮೇಲೆ ಮನುಷ್ಯನಲ್ಲಿ ಎಲ್ಲಾ ಕುಗ್ಗುತ್ತೆ, ಮೂಗೊಂದು ಬೆಳೀತಾನೇ ಹೋಗುತ್ತಂತೆ."

ಮೂಗು. ಎಲ್ಕಾ ಆ ಶಬ್ದವನ್ನು ನಾಲಗೆಯ ಕೆಳಗಿಟ್ಟುಕೊಂಡು ತಿರುಪು ಮೊಳೆಯನ್ನು ಬಿಗಿಮಾಡಿದಳು. ಕಂದೀಲಿನ ವ್ಯಂಗ್ಯಚಿತ್ರಗಳಲ್ಲಿ ಯಹೂದಿಯೆಂದರೆ ಒಂದು ಕೊಕ್ಕೆ ಮೂಗು. ಈತ ಹೇಳಿದ್ದು ಯಾರ ಮೂಗು? ಮುದುಕನೊಬ್ಬ ತನ್ನ ಮೂಗಿನ ಬಗ್ಗೆ ತಮಾಷೆ ಮಾಡಿಕೊಂಡರೆ ಅದನ್ನು ಕೇಳಿ ನಗಲೂ ಆಗದಂತೆ ಮಾಡಿಬಿಟ್ಟರಲ್ಲ ಇವರು ಎಂದು ರೇಗಿತು. ಯಾರು ಇವರು ಎಂದರೆ ಮತ್ತೆ ಎದುರಿಗಿದ್ದ ಮುಖವೇ. ಅವಳು ಕನ್ನಡಕ ತೊಡಿಸಿ ಕಿವಿಯ ಹಿಂದೆ ಬೆರಳಾಡಿಸಿದಳು. ಸ್ಟ್ರೂಪ್ ವಿಧೇಯ ಹುಡುಗನಂತೆ ತಲೆ ಬಗ್ಗಿಸಿದ್ದ.

"ಪಾಪ, ಮುದುಕಿ ಅಡೆಲ್ಸ್ಕಿ ಹೋಗ್ಬಿಟ್ರಂತಲ್ಲ" ಎಂದ.

ಬೆರಳು ಅಲ್ಲೇ ನಿಂತಿತು. "ಯಾರು ಹೇಳಿದ್ದು ನಿಮಗೆ?"

"ಅಯ್ಯೋ, ನಿಂಗಿನ್ನೂ ಗೊತ್ತಿಲ್ವೇನಮ್ಮ? ನನ್ನ ನಾದಿನಿ ಆಸ್ಪತ್ರೆ ಅಡುಗೆಮನೇಲಿ ಇದಾಳಲ್ಲ. ಬೆಳಗಿನ ಜಾವ ಅಂತೆ. ಅವರ ಟ್ರೇ ಹಾಗೇ ವಾಪಸ್ ಬಂತಂತೆ." ತಡೆದು, ಮತ್ತೆ, "ನೀವು ಬೇಗ ಮಣ್ಣು ಮಾಡ್ತೀರಂತೆ, ಅಲ್ವಾ? ಅದಕ್ಕೆ ಮುಂಚೆ ಆ ನೀರಿನ ಶಾಸ್ತ್ರ ಬೇರೆ."

"ನೀರಿಂದು ನಿಮಗೆ ಹೇಗೆ ಗೊತ್ತು?"

"ಎಲ್ಲೋ ಓದಿದೆ ಕಣಮ್ಮ. ಈಗೆಲ್ಲಾ ಎಲ್ಲೋ ಓದಿದ್ದೇ ತಾನೇ."

ಆತ ಹೋದಮೇಲೂ ಗಾಜಿನ ಬಾಗಿಲ ಮೇಲೆ ಆತನ ಅಂಗೈಯ ಹಬೆ ಉಳಿದಿತ್ತು. ಅಷ್ಟರಲ್ಲಿ ಫೋನ್ ಬಂತು. ಲೆನೋರ್ ಗ್ರಾಸ್. ಒಂದು ಕಾಲಕ್ಕೆ ಎಲ್ಕಾ ಓದಿದ ಶಾಲೆಯ ಹೆಡ್ಮಿಸ್ಟ್ರೆಸ್, ಈಗ ಊರಿನ ಯಹೂದಿ ಹೆಂಗಸರಲ್ಲಿ ಯಾರು ಸತ್ತರೂ ಅವರಿಗೆ ಕೊನೆಯ ಸ್ನಾನ ಮಾಡಿಸುವ, ಎಲ್ಕಾಳೂ ಇರುವ ಪುಟ್ಟ ಗುಂಪಿನ ಯಜಮಾನಿ.

"ಎಲ್ಕಾ? ಫ್ರೂಮಾ ಹೋದ್ಲು. ನಾಳೆ ಮಧ್ಯಾಹ್ನ ಮಣ್ಣು. ನಮ್ಮಿಬ್ಬರ ಕೈಲಿ ಆಗಲ್ಲ, ನಮ್ಮ ಗುಂಪಿನ ಮಿಂಡಿ ಅಂತೂ ಫ್ಲೋರಿಡಾದಲ್ಲಿ ಬಿಸಿಲು ಕಾಯಿಸ್ತಾ ಕೂತಿದಾಳೆ. ಪಿಟ್ಸ್‌ಬರ್ಗಿನ ಗುಂಪಿಗೆ ಹೇಳ್ತೀನಿ, ಇವತ್ತು ಸಂಜೆ ಅವರೇ ಬಂದು ಮಾಡ್ತಾರೆ."

"ಡಾರ್ಲಾ ಇದಾಳಲ್ಲ, ಮಿಸೆಸ್ ಗ್ರಾಸ್."

"ಎಲ್ಕಾ." ಬರೀ ಹೆಸರು. ಶಾಲೆಯ ಓಣಿಯಲ್ಲಿ ಓಡುತ್ತಿದ್ದವಳನ್ನು ನಿಲ್ಲಿಸುತ್ತಿದ್ದದ್ದೂ ಹೀಗೆಯೇ.

"ಗೊತ್ತಿಲ್ಲದವರು ಮುಟ್ಟೋದು ಬೇಡ ಅಂದಿದ್ರು ಫ್ರೂಮಾ ಆಂಟಿ. ನನ್ನ ಕೈಲಿ ಮಾತು ತಗೊಂಡಿದ್ರು. ಮೂರು ಗಂಟೆವರೆಗೂ ಕಾಯಿರಿ, ಪ್ಲೀಸ್."

"ಏನಕ್ಕೆ ಕಾಯೋದು? ಮೂರಕ್ಕೆ ನಾನು ಪಿಟ್ಸ್‌ಬರ್ಗಿಗೆ ಫೋನ್ ಮಾಡೋಳೇ."

ಮಾತು ತೆಗೆದುಕೊಂಡದ್ದು ಆಸ್ಪತ್ರೆಯಲ್ಲಿ, ಹಾಸಿಗೆಯನ್ನು ಅರ್ಧಕ್ಕೆ ಮೇಲೆತ್ತಿ ಫ್ರೂಮಾಳನ್ನು ಒರಗಿಸಿ ಕೂರಿಸಿದ್ದಾಗ. ದುಪ್ಪಟಿಯ ಮೇಲೆ ಹತ್ತೂ ಬೆರಳು ಹರಡಿ ತನ್ನ ಉಗುರುಗಳನ್ನೇ ನೋಡಿಕೊಳ್ಳುತ್ತಿದ್ದಳು; ಎಲ್ಲವಕ್ಕೂ ಕೆಂಪು, ಎಂಬತ್ತು ದಾಟಿದವಳ ಕೈಗೆ ಹೊಂದದ ದಾಳಿಂಬೆ ಕೆಂಪು. "ಇದನ್ನ ತೆಗೀದೆ ನೀರು ಹಾಕಕ್ಕಾಗಲ್ಲ, ನಿಂಗೊತ್ತಲ್ಲ. ನೀರಿಗೂ ಮೈಗೂ ಮಧ್ಯ ಏನೂ ಇರಬಾರದು. ನಾನೆಷ್ಟು ಜನರದ್ದು ತೆಗ್ದಿದೀನಿ. ಲೆನೋರ್ ಕೈಗೆ ಕೊಡಬೇಡ್ವೇ, ಅವಳು ಬಾಣಲೆ ತಿಕ್ಕಿದ ಹಾಗೆ ತಿಕ್ತಾಳೆ. ಪಿಟ್ಸ್‌ಬರ್ಗಿನೋರಂತೂ ಬೇಡವೇ ಬೇಡ, ಗಡಿಯಾರ ನೋಡ್ಕೊಂಡು ತೊಳೀತಾರೆ. ನೀನೇ ತೆಗೀಬೇಕು. ಮಾತು ಕೊಡು." ಇಂಥ ಮಾತೆಲ್ಲ ಈಗ್ಯಾಕೆ ಆಂಟಿ ಎಂದು ಎಲ್ಕಾ ದಿಂಬು ಸರಿಮಾಡಲು ಹೋದರೆ, "ಈಗ್ಯಾಕೆ ಅಂದ್ರೆ, ಆಮೇಲೆ ನಂಗೆ ಹೇಳಕ್ಕಾಗಲ್ವಲ್ಲೇ ಪೆದ್ದಿ" ಎಂದು ಕೆಮ್ಮುತ್ತಾ ನಕ್ಕಿದ್ದಳು. ಮಾತು ಕೊಟ್ಟದ್ದಾಗಿತ್ತು. ಕೊಡುವಾಗ ಎಲ್ಕಾಳ ಕಣ್ಣು ಕಿಟಕಿಯ ಕಡೆ ಇತ್ತು, ಏಕೆಂದರೆ ಅದರ ಹಿಂದಿನ ದಿನವೇ ಕಂದೀಲಿನಲ್ಲಿ ಆ ಬರಹ ಬಂದಿತ್ತು.

ನದಿ ದಂಡೆಯ ಆ ಇಟ್ಟಿಗೆ ಮನೆಯಲ್ಲಿ ಏನು ನಡೆಯುತ್ತದೆ ಎಂಬುದು ಅದರ ತಲೆಬರಹ. ಕೆಳಗೆ, ದೂರದಿಂದ ತೆಗೆದ, ಸ್ಮಶಾನದ ಅಂಚಿನ ಸ್ನಾನದ ಮನೆಯ ಚಿತ್ರ. ಬರೆದವನು ಹಳೇ ಕಮ್ಮಾರ. ಮೂರು ಬಕೀಟು ನೀರನ್ನು ಒಂದರ ಧಾರೆ ಮುಗಿಯುವ ಮುಂಚೆ ಇನ್ನೊಂದರ ಧಾರೆ ಸೇರುವಂತೆ ಸುರಿಯುವುದು, ಹೆಣದ ಮೇಲಿಂದ ಏನನ್ನೂ ಕೈದಾಟಿಸದೆ ಕಾಲ ಕಡೆಯಿಂದ ಸುತ್ತಿ ಬಂದು ಕೊಡುವುದು, ಉದುರಿದ ಕೂದಲನ್ನೂ ಬಿಡದೆ ಶವಪೆಟ್ಟಿಗೆಗೆ ಹಾಕುವುದು, ಕಣ್ಣಿನ ಮೇಲೆ ಮಡಕೆಯ ಚೂರು ಇಡುವುದು. ಒಂದೂ ಸುಳ್ಳಿರಲಿಲ್ಲ. ಒಂದೊಂದು ನಿಜದ ಪಕ್ಕದಲ್ಲೂ ಒಂದು 'ಯಾಕೆ?' ನಿಲ್ಲಿಸಿದ್ದ, ಅಷ್ಟೇ. ಯಾಕೆ ಇಷ್ಟು ಗುಟ್ಟು, ಯಾಕೆ ಹೊರಗಿನವರಿಗೆ ಪ್ರವೇಶವಿಲ್ಲ, ಯಾಕೆ ಇಷ್ಟೊಂದು ನೀರು, ಆ ನೀರು ಹೋಗುವುದು ನಾವು ಕುಡಿಯುವ ನದಿಗಲ್ಲವೇ. ಓದುತ್ತಾ ಹೋದಂತೆ ಎಲ್ಕಾಗೆ ತನ್ನ ಕೈಯೇ ಅಪರಿಚಿತವಾಗಿ ಕಂಡಿತು, ಹೆಣಗಳ ಕೂದಲು ಬಾಚಿದ ಕೈ. ಮರುದಿನವೇ ಸ್ನಾನದ ಮನೆಯ ಬಾಗಿಲಿಗೆ ಯಾರೋ ಸತ್ತ ಮೀನು ಮೊಳೆ ಹೊಡೆದು ಹೋಗಿದ್ದರು.

ಒಳಗಿನವರೇ ಯಾರೋ ಹೇಳಿದ್ದಾರೆ ಎಂದು ಲೆನೋರ್ ತನ್ನ ಅಡುಗೆಮನೆಯಲ್ಲಿ ಕಾಫಿ ಸುರಿಯುತ್ತಾ ಹೇಳಿದಳು. ಮೇಜಿನ ಸುತ್ತ ಇದ್ದವರು ಮೂರೇ ಜನ. ಲೆನೋರಳ ಕಣ್ಣು ಎಲ್ಕಾಳನ್ನು ಹಾದು ಡಾರ್ಲಾ ಕಿಂಬಲ್‌ಳ ಮೇಲೆ ನಿಂತಿತು. ಡಾರ್ಲಾ ಶಾಲೆಯ ಬಸ್ಸು ಓಡಿಸುವವಳು. ಬೆಟ್ಟದಾಚೆಯ ಮೆಥಡಿಸ್ಟ್ ಕ್ರೈಸ್ತರ ಮನೆಯಲ್ಲಿ ಹುಟ್ಟಿ, ಯಾರೂ ಕರೆಯದಿದ್ದರೂ ತಾನೇ ಬಂದು, ಕಲಿತು, ಕಾದು ಯಹೂದಿಯಾದವಳು. ಅವಳ ತಮ್ಮನ ಟ್ರಕ್ಕಿನ ಹಿಂಗಾಜಿಗೆ ಕಂದೀಲಿನ ಚಿತ್ರ ಅಂಟಿಸಿದ್ದನ್ನು ಊರೆಲ್ಲ ಕಂಡಿತ್ತು. "ನೀನು ಬೇಕಂತ ಹೇಳಿದ್ದೀಯ ಅಂತ ನಾನನ್ನಲ್ಲ. ಸ್ವಲ್ಪ ದಿನ ರೆಸ್ಟ್ ತಗೋ" ಎಂದಳು ಲೆನೋರ್, ಕೇಕಿನ ತಟ್ಟೆಯನ್ನು ಅವಳ ಮುಂದಕ್ಕೆ ತಳ್ಳುತ್ತಾ. ಡಾರ್ಲಾಳ ಮುಖ ಕಿವಿಯವರೆಗೂ ಕೆಂಪೇರಿತು. ಏನೋ ಹೇಳಲು ಬಾಯಿ ತೆರೆದವಳು ಎಲ್ಕಾಳ ಕಡೆ ನೋಡಿದಳು. ಎಲ್ಕಾಳ ಬಾಯಲ್ಲಿ ದಾಲ್ಚಿನ್ನಿ ಕೇಕು ಇತ್ತು. ಅದನ್ನು ನುಂಗಿ ಮಾತಾಡಬಹುದಿತ್ತು. ಅವಳು ಇನ್ನೊಂದು ತುಂಡು ಮುರಿದುಕೊಂಡಳು.

ಏಕೆಂದರೆ ಹೇಳಿದ್ದು ಅವಳೇ. ಚಳಿಗಾಲ ಶುರುವಾದಾಗ ಒಂದು ಸಂಜೆ, ಕಂದೀಲಿನ ಪ್ರತಿಕ್ರಿಯೆಗಳ ಕೆಳಗೆ ಯಾರೋ ಬರೆದಿದ್ದ: ಇವರು ಸತ್ತವರ ಜೇಬಿಗೆ ನಾಣ್ಯ ತುಂಬಿ ಹೂಳುತ್ತಾರೆ, ಅಲ್ಲಿಯೂ ಲಂಚ ಕೊಡಲು. ಎಲ್ಕಾ ದಿನಾ ಎಷ್ಟೋ ಹೊಲಸನ್ನು ಓದಿ ಸುಮ್ಮನಿದ್ದವಳು. ಆದರೆ ಇದು ಹೊಲಸಾಗಿರುವುದರ ಜೊತೆಗೆ ತಪ್ಪೂ ಆಗಿತ್ತು. ಬೈಗುಳವನ್ನು ಸಹಿಸಿಕೊಳ್ಳಬಹುದು, ತಪ್ಪನ್ನು ತಿದ್ದದೆ ಬಿಡುವುದು ಅವಳು ಬೆಳೆದ ಮನೆಯಲ್ಲಿ ಯಾರಿಗೂ ಸಾಧ್ಯವಿರಲಿಲ್ಲ. ಊಟದ ಮೇಜಿನಲ್ಲಿ ಅಪ್ಪ ಪ್ರಾರ್ಥನೆಯ ಒಂದು ಸಾಲು ತಪ್ಪು ಹೇಳಿದರೆ ಅಜ್ಜಿ ಬಾಯಲ್ಲಿದ್ದ ಸಾರನ್ನೂ ನುಂಗದೆ ತಿದ್ದುತ್ತಿದ್ದಳು. ಎಲ್ಕಾ ಸುಳ್ಳು ಹೆಸರೊಂದನ್ನು ಇಟ್ಟುಕೊಂಡು ಬರೆದಳು: ಆ ಬಟ್ಟೆಗೆ ಜೇಬೇ ಇರುವುದಿಲ್ಲ. ಬಡವರಿಗೂ ಸಾಹುಕಾರರಿಗೂ ಒಂದೇ ಬಿಳಿ ನಾರುಬಟ್ಟೆ. ಬೈಗುಳದ ಸುರಿಮಳೆಯಾಯಿತು. ಅದರ ನಡುವೆ ಒಬ್ಬ ಮಾತ್ರ, ಹಳೇ ಕಮ್ಮಾರ, ಶಾಲೆಯ ಹುಡುಗನಷ್ಟು ವಿನಯದಿಂದ, ಹೌದೇ? ನನಗೆ ತಿಳಿದಿರಲಿಲ್ಲ, ಇನ್ನೂ ಸ್ವಲ್ಪ ಹೇಳಿ ಎಂದು ಕೇಳಿದ. ಕೇಳಿದವರಿಗೆ ಹೇಳದಿರುವುದು ಹೇಗೆ? ಒಬ್ಬನಾದರೂ ತಿರುಗಿದನಲ್ಲ ಎಂದು ಅವಳಿಗೆ ಮೈ ಬೆಚ್ಚಗಾಗಿತ್ತು. ಆತ ಕೇಳುತ್ತಾ ಹೋದ, ಅವಳು ಹೇಳುತ್ತಾ ಹೋದಳು. ಹೆಣಗಳ ಬಗ್ಗೆ ಬರೆಯುತ್ತಿದ್ದರೂ ಆ ಸಂಜೆಗಳಲ್ಲಿ ಪ್ರೇಮಪತ್ರಕ್ಕೆ ಕಾಯುವವಳಂತೆ ಫೋನನ್ನು ದಿಂಬಿನ ಪಕ್ಕ ಇಟ್ಟುಕೊಂಡದ್ದು ನೆನಪಾಗಿ, ಖಾಲಿ ಅಂಗಡಿಯಲ್ಲಿ, ಅವಳು ಮುಖ ಮುಚ್ಚಿಕೊಂಡಳು.

ಇಷ್ಟೆಲ್ಲ ಗೊತ್ತಿದ್ದೂ ಡಾರ್ಲಾಳನ್ನು ಸಂಶಯಿಸುವುದು ಅವಳಿಗೆ ಸಾಧ್ಯವಾಗಿತ್ತು, ಅದೇ ಸೋಜಿಗ. ಮಡಕೆಯ ಚೂರಿನ ವಿಷಯ ತಾನು ಬರೆದದ್ದು ನೆನಪಿರಲಿಲ್ಲ. ಆ ಒಂದನ್ನು ಡಾರ್ಲಾಳೇ ಹೇಳಿರಬೇಕು, ತಮ್ಮನಿಗೆ, ಹೇಗೋ, ಬಾಯಿತಪ್ಪಿ. ಆ ಚೂರನ್ನೇ ಹಿಡಿದುಕೊಂಡು ಅವಳು ಇಷ್ಟು ದಿನ ನಿದ್ದೆ ಮಾಡಿದ್ದಳು. ಈಗ ಫೋನು ತೆರೆದು, ತಾನು ಮತ್ತೆ ನೋಡದೇ ಬಿಟ್ಟಿದ್ದ ಆ ಹಳೆಯ ಪ್ರತಿಕ್ರಿಯೆಗಳನ್ನು ಒಂದೊಂದಾಗಿ ಮೇಲಕ್ಕೆಳೆದಳು. ಇತ್ತು. ಅವಳದೇ ಮಾತು, ಅವಳದೇ ನಯ: ಕಣ್ಣಿನ ಮೇಲೆ ಮಡಕೆಯ ಪುಟ್ಟ ಚೂರು ಇಡುತ್ತೇವೆ, ಮಣ್ಣಿನ ಪಾತ್ರೆ ಒಡೆಯಿತು ಎಂದು ತಿಳಿಸಲು, ಎಷ್ಟು ಚೆನ್ನಾಗಿದೆ ಅಲ್ಲವೇ? ಕೆಳಗೆ ಕಮ್ಮಾರನ ಉತ್ತರ: ಬಹಳ ಚೆನ್ನಾಗಿದೆ. ಎಲ್ಕಾ ಬಾಗಿಲಿನ ಹಲಗೆಯನ್ನು ಮುಟ್ಟದೆ, ಅಂಗಡಿಗೆ ಬೀಗ ಹಾಕಿ ಹೊರಟಳು.

ಹೈಸ್ಕೂಲಿನ ಹಿಂದೆ ಹಳದಿ ಬಸ್ಸುಗಳು ಸಾಲಾಗಿ ನಿಂತಿದ್ದವು. ಡಾರ್ಲಾ ತನ್ನ ಬಸ್ಸನ್ನು ಹಿಂದಿನಿಂದ ಮುಂದಕ್ಕೆ ಗುಡಿಸುತ್ತಾ ಬರುತ್ತಿದ್ದಳು. ಚಿಪ್ಸಿನ ಪೊಟ್ಟಣ, ಒಂಟಿ ಕೈಗವಸು, ಮುರಿದ ಪೆನ್ಸಿಲು. ಮೆಟ್ಟಿಲ ಬಳಿ ಎಲ್ಕಾಳನ್ನು ಕಂಡು ಪೊರಕೆ ನಿಲ್ಲಿಸಲಿಲ್ಲ.

"ಏನೇ, ದಾರಿ ತಪ್ತಾ?"

"ಫ್ರೂಮಾ ಆಂಟಿ ಹೋದ್ರು."

ಪೊರಕೆ ನಿಂತಿತು. ಡಾರ್ಲಾ ಸೀಟಿನ ಅಂಚಿಗೆ ಕುಸಿದು ಕೂತಳು. "ಪುಣ್ಯಾತ್ಗಿತ್ತಿ. ನಾನು ಯಹೂದಿ ಆದ ವರ್ಷ ನಂಗೊಂದು ಜೊತೆ ಬೂಟು ಕೊಟ್ಟಿದ್ಲು, ಅಂಗಡೀಲಿ ಉಳಿದಿದ್ದು. ನಡೆದ್ರೆ ಒಂದೇ ಸಮ ಕಿರಗುಟ್ಟೋದು. 'ಸುಮ್ನಿರಲ್ಲ ಅದು, ಯಹೂದಿ ಬೂಟು ಕಣೇ, ಎರಡೂ ವಾದ ಮಾಡ್ತಿವೆ' ಅಂತಿದ್ಲು." ಮೂಗೊರೆಸಿಕೊಂಡಳು. "ಈಗೇನು, ನಂಗೆ ಹೇಳಿ ಹೋಗಕ್ಕೆ ಬಂದ್ಯಾ?"

"ನೀನು ಬರ್ಬೇಕು. ನಮ್ಮಿಬ್ಬರ ಕೈಲಿ ಆಗಲ್ಲ."

"ನಂಗೆ ರೆಸ್ಟ್ ಕೊಟ್ಟಿದಾರಲ್ಲ. ರೆಸ್ಟ್ ತಗೋತಿದೀನಿ, ಕಾಣಲ್ವಾ?"

"ಅದನ್ನ ಹೇಳಿದ್ದು ನೀನಲ್ಲ, ಡಾರ್ಲಾ. ನಾನು."

ಡಾರ್ಲಾ ನಕ್ಕಳು. ಸಮಾಧಾನ ಮಾಡಲು ಬಂದ ಮಗುವನ್ನು ಕಂಡು ನಗುವ ಹಾಗೆ. ಎಲ್ಕಾ ಫೋನು ಚಾಚಿದಳು. ಡಾರ್ಲಾ ಕನ್ನಡಕ ಹಾಕಿಕೊಂಡು, ಎಲ್ಕಾಳೇ ಅಳತೆ ತೆಗೆದು ಮಾಡಿಕೊಟ್ಟ ಕನ್ನಡಕ, ಒಂದೊಂದು ಸಾಲನ್ನೂ ತುಟಿಯಾಡಿಸುತ್ತಾ ಓದಿದಳು. ಹೊರಗೆ ಯಾರೋ ಎಂಜಿನ್ನು ಶುರುಮಾಡಿ ನಿಲ್ಲಿಸಿದರು. ಈಗ ಬೈಯುತ್ತಾಳೆ, ಹೊಡೆಯುತ್ತಾಳೆ ಎಂದು ಎಲ್ಕಾ ಕಾದಳು. ಹೊಡೆದರೆ ಸಾಲ ತೀರಿದಂತಾಗುತ್ತದೆ ಎಂಬ ಆಸೆಯೂ ಒಳಗೆ ಇಣುಕಿತ್ತು.

"ನಾನು ನಂದೇ ಅನ್ಕೊಂಡಿದ್ದೆ" ಎಂದಳು ಡಾರ್ಲಾ, ಫೋನಿನಿಂದ ಕಣ್ಣೆತ್ತದೆ. "ಅಮ್ಮನ ಮನೇಲಿ ಯಾವತ್ತೋ ಬಾಯಿ ಬಿಟ್ಟಿರ್ಬೇಕು ಅಂತ. ಯಾವತ್ತು, ಯಾರ ಮುಂದೆ, ಏನಂದೆ ಅಂತ ನೆನಪು ಮಾಡ್ಕೊಂಡು ಮಾಡ್ಕೊಂಡು... ನೆನಪೂ ಬಂತು ಕಣೇ. ನಡೀದೇ ಇರೋದು ನೆನಪಾಯ್ತು ನಂಗೆ! ಟರ್ಕಿ ಕೋಳಿ ಕುಯ್ತಾ ಇದ್ದೆ, ತಮ್ಮ ಕೇಳ್ದ, ನಾನು ಹೇಳ್ದೆ. ಹಾಗೇ ಕಣ್ಣಿಗೆ ಕಟ್ಟಿದ ಹಾಗೆ. ಹೋದ ಭಾನುವಾರ ಹೋಗಿ ಅವನ ಎದೆಗೆ ಗ್ರೇವಿ ಬಟ್ಟಲು ಎಸೆದೆ. 'ನಾನಲ್ಲ ಅಕ್ಕಾ, ನೀನು ನಂಗೇನೂ ಹೇಳಿಲ್ಲ ಅಕ್ಕಾ' ಅಂತ ಅಷ್ಟು ದೊಡ್ಡ ಗಂಡಸು ಗೋಳೋ ಅಂತ ಅತ್ತ. ಅಮ್ಮ ನನ್ನನ್ನ ಬಾಗಿಲಾಚೆ ಹಾಕಿದ್ಲು. ಅವನು ಕತ್ತೆ, ಆ ಹಾಳು ವೆಬ್‌ಸೈಟ್ ನಂಬೋ ಕತ್ತೆ. ಆದ್ರೆ ಅವತ್ತು ಅವನು ಸುಳ್ಳು ಹೇಳ್ತಿರ್ಲಿಲ್ಲ."

"ಡಾರ್ಲಾ, ನನ್ನ..."

"ಬೇಡ. ಇಲ್ಲಿ ಬೇಡ. ಈ ಬಸ್ಸಲ್ಲಿ ಮಕ್ಕಳು ಕೂತ್ಕೋತವೆ." ಫೋನನ್ನು ಸೀಟಿನ ಮೇಲಿಟ್ಟಳು, ಕೈಗೆ ಕೊಡಲಿಲ್ಲ. "ಹೋಗಿ ಲೆನೋರ್‌ಗೆ ಹೇಳು. ನಾನು ಮಕ್ಕಳನ್ನ ಮನೆಗೆ ಬಿಟ್ಟು ಬರ್ತೀನಿ. ಬರೋದು ಆ ಮುದುಕಿಗೋಸ್ಕರ, ತಿಳ್ಕೋ. ನಾನು ಬಂದಾಗ ನೀನಿನ್ನೂ ಹೇಳಿರ್ಲಿಲ್ಲ ಅಂದ್ರೆ, ಬಂದ ದಾರೀಲೇ ವಾಪಸ್."

ನದಿಯ ಕಡೆ ಕಾರು ಇಳಿಸುವಾಗ ಎಲ್ಕಾಗೆ ಒಂದೊಂದು ತಿರುವಿನಲ್ಲೂ ಒಂದೊಂದು ಅನುಮಾನ ಹತ್ತಿತು. ಡಾರ್ಲಾ ಬರುವುದಿಲ್ಲ. ಬಂದರೂ ಊರಿಗೆಲ್ಲ ಹೇಳಿಯೇ ಬರುತ್ತಾಳೆ. ಆ ಫೋನನ್ನು ಓದುವಾಗ ಅವಳ ಮುಖದಲ್ಲಿ ಸಣ್ಣ ಸಂತೋಷವೇನಾದರೂ ಇತ್ತೇ? ಇಷ್ಟು ಸುಲಭಕ್ಕೆ ಒಪ್ಪಿದ್ದು ಯಾಕೆ? ಅಲ್ಲಿ ರಸ್ತೆಬದಿಯ ಡೈನರ್ ಹೋಟೆಲಿನ ಮುಂದೆ ಸ್ಟ್ರೂಪನ ಕಾರು ನಿಂತಿತ್ತು. ಕಿಟಕಿಯೊಳಗೆ ಆತ ಒಬ್ಬನೇ ಪೈ ತಿನ್ನುತ್ತಾ ಫೋನು ನೋಡುತ್ತಿದ್ದ. ಏನು ಓದುತ್ತಿದ್ದಾನೆ? ಬರೆಯುತ್ತಿದ್ದಾನೋ? ಹವಾಮಾನ ನೋಡುತ್ತಿರಬಹುದು, ಮೊಮ್ಮಗಳ ಚಿತ್ರ ನೋಡುತ್ತಿರಬಹುದು. ತನಗಿದು ಎಂದೂ ತಿಳಿಯುವುದಿಲ್ಲ ಎಂದು ಆ ಗಳಿಗೆಯಲ್ಲಿ ಅವಳಿಗೆ ಹೊಳೆಯಿತು. ಕಮ್ಮಾರ ಆತನೇ ಆಗಿರಬಹುದು, ಅಲಾಸ್ಕಾದಲ್ಲಿರುವ ಯಾವನೋ ಆಗಿರಬಹುದು. ಆದರೆ ತಾನು ಮಾತ್ರ ಇನ್ನು ಮುಂದೆ ಊರಿನ ಪ್ರತಿ ಮುಖದ ಮೇಲೂ ಅಳತೆಪಟ್ಟಿ ಇಟ್ಟು ಇದೇ ಪ್ರಶ್ನೆ ಕೇಳುತ್ತಿರುತ್ತೇನೆ. ಕಂದೀಲು ಜನರ ಮುಖವನ್ನು ನೋಡುವುದೂ ಹೀಗೆಯೇ ಅಲ್ಲವೇ ಎಂಬ ಯೋಚನೆ ಬಂದು, ಬೇಡವೆಂದು ರೇಡಿಯೋ ಹಾಕಿದಳು.

ಲೆನೋರ್ ಸ್ನಾನದ ಮನೆಯ ಹೊರಕೋಣೆಯಲ್ಲಿ ಅಂಗಿಯ ತೋಳು ಮಡಚಿಕೊಂಡು ನಲ್ಲಿಯ ಕೆಳಗೆ ಬಕೀಟು ಇಡುತ್ತಿದ್ದಳು. ಒಳಗೆ, ಮುಚ್ಚಿದ ಬಾಗಿಲಾಚೆ, ಫ್ರೂಮಾ ಇದ್ದಳು. ಎಲ್ಕಾ ನಿಂತಲ್ಲೇ, ನಲ್ಲಿಯ ಸದ್ದಿನ ಮೇಲೆಯೇ, ಎಲ್ಲವನ್ನೂ ಹೇಳಿದಳು. ನಡುವೆ ಲೆನೋರ್ ನಲ್ಲಿ ನಿಲ್ಲಿಸಿದ್ದರಿಂದ ಕೊನೆಯ ಮಾತುಗಳು ಬಹಳ ಜೋರಾಗಿ ಕೇಳಿಸಿದವು.

"ಯಾಕೆ ಬರೆದೆ?"

"ಅವರು ತಪ್ಪು ಬರೆದಿದ್ರು."

"ಓಹೋ. ತಪ್ಪು ಬರೆದಿದ್ರು." ಲೆನೋರ್ ಇನ್ನೊಂದು ಖಾಲಿ ಬಕೀಟನ್ನು ಮಗುಚಿ ಅದರ ಮೇಲೆ ಕೂತಳು. ಇದ್ದಕ್ಕಿದ್ದಂತೆ ತುಂಬ ವಯಸ್ಸಾದವಳಂತೆ ಕಂಡಳು. "ನಾನು ಅವಳಿಗೆ ಕೇಕ್ ಕೊಟ್ಟು ಹೊರಗೆ ಕಳಿಸ್ದೆ. ನೀನು ಪಕ್ಕದಲ್ಲಿ ಕೂತು ತಿಂತಿದ್ದೆ."

"ಹೂಂ."

"ಎರಡು ತುಂಡು."

"ಹೂಂ, ಮಿಸೆಸ್ ಗ್ರಾಸ್."

"ನಾನಾಗಿದ್ರೂ ಅದನ್ನೇ ಮಾಡ್ತಿದ್ದೆ ಅಂತ ನಾನು ಹೇಳ್ಲಿ ಅಂತ ಕಾಯ್ತಿದೀಯಾ? ಹೇಳಲ್ಲ." ಆದರೆ ಅವಳ ಕಣ್ಣು ನೆಲ ನೋಡುತ್ತಿತ್ತು. ಮೂರು ದಾಟಿದರೂ ಅವಳು ಪಿಟ್ಸ್‌ಬರ್ಗಿಗೆ ಫೋನ್ ಮಾಡಲಿಲ್ಲ. ಬಿಸಿಲು ವಾಲುವ ಹೊತ್ತಿಗೆ ಹೊರಗೆ ಜಲ್ಲಿಯ ಮೇಲೆ ಟಯರಿನ ಸದ್ದಾಯಿತು. ಡಾರ್ಲಾ ಒಳಗೆ ಬಂದಳು, ಇಬ್ಬರ ಮುಖವನ್ನೂ ನೋಡಿ ತಿಳಿದುಕೊಂಡಳು, ಕೋಟು ತೆಗೆದು ಮೊಳೆಗೆ ಹಾಕಿದಳು. ಲೆನೋರ್ ಎದ್ದು, ಬಹುಮಾನ ವಿತರಣೆಯ ದಿನ ನಿಲ್ಲುವಂತೆ ನೆಟ್ಟಗೆ ನಿಂತು, "ಡಾರ್ಲಾ, ನಾನು ನಿಂಗೆ..." ಎಂದು ಶುರುಮಾಡಿದಳು.

"ಆಮೇಲೆ, ಲೆನೋರ್. ಅವಳು ಕಾಯ್ತಿದಾಳೆ."

ಮೂವರೂ ಕೈ ತೊಳೆದುಕೊಂಡರು. ಒಳಗೆ ಹೋದಮೇಲೆ ಬೇರೆ ಮಾತಿಲ್ಲ, ಅದು ಕಟ್ಟಳೆ. ಪ್ರಾರ್ಥನೆಯ ಹಾಳೆಯನ್ನು ಪ್ರತಿಸಲ ತಾನೇ ಹಿಡಿಯುತ್ತಿದ್ದ ಲೆನೋರ್ ಅದನ್ನು ಡಾರ್ಲಾಳ ಕೈಗೆ ಕೊಟ್ಟಳು. ಡಾರ್ಲಾ ಬೆಟ್ಟದಾಚೆಯ ತನ್ನ ಒರಟು ದನಿಯಲ್ಲಿ, ಹೀಬ್ರೂ ಅಕ್ಷರಗಳನ್ನು ಕಲ್ಲುದಾರಿಯಲ್ಲಿ ಬಸ್ಸು ಇಳಿಸುವಷ್ಟು ಜಾಗ್ರತೆಯಿಂದ ಓದಿದಳು. ಅರ್ಥ ಮೂವರಿಗೂ ಗೊತ್ತಿತ್ತು: ಮೆಂಡಲನ ಮಗಳು ಫ್ರೂಮಾ, ನಾವು ಮಾಡುವುದೆಲ್ಲ ನಿನ್ನ ಮರ್ಯಾದೆಗಾಗಿ, ನಮ್ಮ ಕೈಯಲ್ಲಿ ತಪ್ಪಾದರೆ ಮನ್ನಿಸು. ಬಿಳಿ ದುಪ್ಪಟಿಯಡಿಯಿಂದ ಎಲ್ಕಾ ತನ್ನ ಬದಿಯಲ್ಲಿದ್ದ ಫ್ರೂಮಾಳ ಬಲಗೈಯೊಂದನ್ನೇ ಹೊರತೆಗೆದಳು. ಆ ಕೆಂಪು ಆ ಬಿಳಿ ಕೋಣೆಯಲ್ಲಿ ಯಾರೋ ಕಿರುಚಿದಂತಿತ್ತು.

ಹತ್ತಿಯೂ ಬಣ್ಣ ತೆಗೆಯುವ ದ್ರಾವಣದ ಶೀಷೆಯೂ ಲೆನೋರಳ ಬಳಿ ಇದ್ದವು. ಹೆಣದ ಆಚೆ ಬದಿಯಲ್ಲಿ ನಿಂತಿದ್ದ ಎಲ್ಕಾ ಅಂಗೈ ಚಾಚಿದಳು. ಮಾತಾಡುವಂತಿಲ್ಲ, ನಾನು ಮಾತು ಕೊಟ್ಟಿದ್ದೇನೆ ಎಂದು ಹೇಳುವಂತಿಲ್ಲ. ಲೆನೋರ್ ಆ ಅಂಗೈಯನ್ನು ನೋಡಿದಳು, ಯಾರ ಯಾರಿಗೋ ಏನೇನೋ ಬರೆದ ಆ ಬೆರಳುಗಳನ್ನು. ಶೀಷೆ ಅವಳ ಮುಷ್ಟಿಯಲ್ಲೇ ಉಳಿಯಿತು. ತಾನೇ ಮುಚ್ಚಳ ತಿರುಗಿಸತೊಡಗಿದಳು. ಎಲ್ಕಾಳ ಕೈ ಗಾಳಿಯಲ್ಲೇ ಇತ್ತು; ಹಿಂತೆಗೆದುಕೊಂಡರೆ ಅಲ್ಲಿಗೆ ಮುಗಿಯಿತು, ಹಾಗೇ ಇಟ್ಟುಕೊಂಡರೆ ಭಿಕ್ಷೆ ಬೇಡಿದಂತೆ. ಅವಳು ಹಾಗೇ ಇಟ್ಟುಕೊಂಡಳು.

ಡಾರ್ಲಾ ಹಾಳೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಬಂದು ಲೆನೋರಳ ಕೈಯಿಂದ ಶೀಷೆಯನ್ನೂ ಹತ್ತಿಯನ್ನೂ ತೆಗೆದುಕೊಂಡಳು. ಎಳೆದುಕೊಳ್ಳಲಿಲ್ಲ, ಕೇಳಲೂ ಇಲ್ಲ. ತೋಳು ಚಾಚಿದ್ದರೆ ಎಲ್ಕಾಗೆ ಎಟುಕುತ್ತಿತ್ತು. ಚಾಚದೆ ಅವಳು ಫ್ರೂಮಾಳ ಕಾಲ ಕಡೆಯಿಂದ, ಒದ್ದೆ ನೆಲದ ಮೇಲೆ ನಿಧಾನವಾಗಿ ಹೆಜ್ಜೆಯಿಡುತ್ತಾ, ಸುತ್ತಿ ಬಂದು ಅವನ್ನು ಎಲ್ಕಾಳ ಅಂಗೈಯಲ್ಲಿ ಇಟ್ಟಳು. ಕ್ಷಮೆಯೋ, ಬರೀ ಕಟ್ಟಳೆಯೋ. ಎಲ್ಕಾ ಅವಳ ಕಣ್ಣಲ್ಲಿ ಹುಡುಕಿದಳು. ಅಳೆಯುವಷ್ಟು ಹೊತ್ತು ಆ ಕಣ್ಣು ಅಲ್ಲಿ ನಿಲ್ಲಲಿಲ್ಲ.

ಎಲ್ಕಾ ಮೊಣಕಾಲೂರಿ ಕೂತಳು. ದ್ರಾವಣದ ಘಾಟು ಮೂಗಿಗೇರಿತು, ಯಾವುದೋ ಮದುವೆಯ ಹಿಂದಿನ ದಿನದ ವಾಸನೆ. ಹೆಬ್ಬೆರಳಿನ ಮೇಲೆ ಹತ್ತಿಯನ್ನು ಒತ್ತಿ ಹಿಡಿದು, ಕರಗಲು ಬಿಟ್ಟು, ಉಗುರಿನ ಬುಡದಿಂದ ತುದಿಗೆ ಒಂದೇ ಸಲ ಎಳೆದಳು, ತಿಕ್ಕಲಿಲ್ಲ. ಕೆಂಪು ಹತ್ತಿಗೆ ಬಂತು. ಚರ್ಮದ ಅಂಚಿನಲ್ಲಿ ಉಳಿದ ಎಳೆಯನ್ನು ಹತ್ತಿಯ ಮೊನೆಯಿಂದ ತೆಗೆದಳು. ಮುಂದಿನ ಬೆರಳು. ಮುಂದಿನದು. ತಣ್ಣಗಿದ್ದ ಆ ಬೆರಳುಗಳು ಅವಳ ಬೆರಳಿನ ಬಿಸಿಗೆ ಸ್ವಲ್ಪ ಸಡಿಲಾದಂತೆ ಅನ್ನಿಸಿತು, ಅದನ್ನೂ ಅವಳು ಪೂರ್ತಿ ನಂಬಲಿಲ್ಲ. ಬಲಗೈಯನ್ನು ದುಪ್ಪಟಿಯೊಳಗಿಟ್ಟು, ತಾನೂ ಕಾಲ ಕಡೆಯಿಂದ ಸುತ್ತಿ ಹೋಗಿ ಎಡಗೈ ಹಿಡಿದಳು. ಲೆನೋರ್ ಜರುಗಿ ಜಾಗ ಕೊಟ್ಟಳು. ಮೇಲೆ ಇಬ್ಬರು ಹೆಂಗಸರ ಉಸಿರು ಕೇಳಿಸುತ್ತಿತ್ತು, ಅವರು ತನ್ನ ನೆತ್ತಿಯನ್ನು ನೋಡುತ್ತಿದ್ದಾರೆಂದು ಗೊತ್ತಾಗುತ್ತಿತ್ತು. ಕಿರುಬೆರಳಿನ ಉಗುರು ಬಟಾಣಿಯಷ್ಟೇ ಇತ್ತು. ಅದರ ಕೆಂಪು ಹೋದಮೇಲೆ ಕೆಳಗೆ ಇದ್ದದ್ದು ಸ್ವಲ್ಪ ಹಳದಿಗಟ್ಟಿದ, ಉದ್ದುದ್ದ ಗೆರೆಯ, ಎಷ್ಟೋ ವರ್ಷಗಳಿಂದ ಯಾರೂ ಕಾಣದ ಮುದುಕಿಯ ಉಗುರು. ಎಲ್ಕಾ ಅದನ್ನು ಬೆಳಕಿಗೆ ಹಿಡಿದು ನೋಡಿ, ಏನೂ ಉಳಿದಿಲ್ಲವೆಂದು ಖಾತ್ರಿ ಮಾಡಿಕೊಂಡು, ಉಳಿದ ಬೆರಳುಗಳ ಪಕ್ಕಕ್ಕೆ ಮಲಗಿಸಿದಳು.